ಸಿಮೆಂಟು ಹೆಚ್ಚಾಗಿದೆ

ನಾನು ಮಾಡುವ ಉದ್ಯೋಗ ಯಾವುದು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಹೇಳಿದರೆ ಮರ್ಯಾದೆ ಉಳಿಯುವುದಿಲ್ಲವಲ್ಲ ಎಂದು ಇಷ್ಟು ವರ್ಷ ಸುಮ್ಮನಿದ್ದೆ, ಅಷ್ಟೆ. ಊರೂರಿಗೆ ಹೋಗಿ "ಮುಗಿಯಿತೇ?" ಎಂದು ಕೇಳುವುದು ನನ್ನ ಉದ್ಯೋಗ. ಗುಂಡಿ ತೋಡುವವರು ಬೇರೆ, ಕಬ್ಬಿಣ ಕಟ್ಟುವವರು ಬೇರೆ, ಕಾಂಕ್ರೀಟು ಸುರಿಯುವವರು ಬೇರೆ, ಇವರಿಗೆಲ್ಲ ದುಡ್ಡು ಕೊಡುವವರು ಬೇರೆ. ನಾನು ನಡುವೆ ನಿಂತು ಕೆಳಗಿನವರನ್ನು ಮುಗಿಯಿತೇ ಎಂದು ಕೇಳಬೇಕು, ಅವರು ಹೇಳಿದ್ದನ್ನು ಮೇಲಿನವರಿಗೆ ಮುಟ್ಟಿಸಬೇಕು. ಇದಕ್ಕೆ ಕಂಪನಿಯವರು ಪ್ರಾಜೆಕ್ಟ್ ಮ್ಯಾನೇಜರ್ ಎಂದು ಹೆಸರಿಟ್ಟು, ಆ ಹೆಸರನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕಾರ್ಡುಗಳನ್ನು ಕೊಟ್ಟು, ನನ್ನನ್ನು ಬೈಲಹೊಂಗಲದಲ್ಲಿ ಕೂರಿಸಿದ್ದರು. ಕೂರಿಸಿದ್ದರು ಎನ್ನುವುದೂ ತಪ್ಪೇ. ನಾನು ಕೂತದ್ದೆಲ್ಲ ಸ್ಕೂಟರಿನ ಮೇಲೆ. ಆಗ ನಮ್ಮ ಕಡೆ ಮೊಬೈಲ್ ಫೋನು ಹೊಸದಾಗಿ ಬರುತ್ತಿದ್ದ ಕಾಲ. ಫೋನು ಬರುವುದಕ್ಕೆ ಮೊದಲು ಅದರ ಟವರು ಬರಬೇಕಲ್ಲ, ಆ ಟವರು ನಿಲ್ಲಿಸುವ ಗುತ್ತಿಗೆ ನಮ್ಮ ಕಂಪನಿಯದು. ಕಿತ್ತೂರಿನಲ್ಲೊಂದು, ಬೈಲಹೊಂಗಲದಲ್ಲೊಂದು, ಸವದತ್ತಿಯಲ್ಲೊಂದು, ರಾಮದುರ್ಗದಿಂದ ತೊರಗಲ್ಲಿಗೆ ಹೋಗುವ ದಾರಿಯ ದಿಬ್ಬದ ಮೇಲೊಂದು. ಜನರೆಲ್ಲ ಎಲ್ಲೆಂದರಲ್ಲಿ ನಿಂತು ಮಾತಾಡಲಿ ಎಂದು ಟವರು ಎಬ್ಬಿಸುತ್ತಿದ್ದ ನಾನು ಮಾತ್ರ ಒಂದು ಸುದ್ದಿ ತಿಳಿಯಬೇಕಾದರೂ ಎಸ್‌ಟಿಡಿ ಬೂತಿನ ಮುಂದೆ ಪಾಳಿ ಹಚ್ಚಿ ನಿಲ್ಲಬೇಕಾಗುತ್ತಿತ್ತು.

ಆ ಹೆಸರಾದರೂ ನನಗೆ ಸುಖ ಕೊಟ್ಟಿತೇ ಎಂದರೆ ಅದೂ ಇಲ್ಲ. ಸವದತ್ತಿ ಕಡೆ ಪ್ರಾಜೆಕ್ಟ್ ಎಂದರೆ ಒಂದೇ, ಅದು ಆಣೆಕಟ್ಟು. ಅಲ್ಲಿಯ ಒಬ್ಬ ಚಹಾದ ಅಂಗಡಿಯವನಿಗೆ ಮೊದಲ ದಿನ ಮಹಾ ಹೆಮ್ಮೆಯಿಂದ ನನ್ನ ಕಾರ್ಡು ಕೊಟ್ಟೆ. ಅವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ನನ್ನ ಹೊಲದ ಕಾಲುವೆಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದ. ನಾನು ಆ ಪ್ರಾಜೆಕ್ಟಿನವನಲ್ಲ, ನನ್ನದು ಫೋನಿನ ಟವರಿನ ಪ್ರಾಜೆಕ್ಟು ಎಂದು ಬಗೆಬಗೆಯಾಗಿ ಹೇಳಿದೆ. ಮ್ಯಾನೇಜರ್ ಇದ್ದೀರಿ, ಗೇಟಿನ ಚಾವಿ ನಿಮ್ಮ ಕೈಯಲ್ಲಿ ಇಲ್ಲದೆ ಇರುತ್ತದೆಯೇ ಎಂದು ಅವನು ನಕ್ಕ. ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಚಹಾದ ಜೊತೆ ಒಂದು ಮಿರ್ಚಿ ಭಜಿ ಪುಕ್ಕಟೆ ಬರತೊಡಗಿತು. ಒಂದು ಸಲ ಕಾಲುವೆಗೆ ನೀರು ಬಂದೇಬಿಟ್ಟಿತು. ಅವತ್ತು ಅವನು ಗಲ್ಲೆಯಿಂದ ಎದ್ದು ಬಂದು ನನ್ನ ಕೈಹಿಡಿದು ಉಪಕಾರವಾಯಿತು ಎಂದ. ನಾನೂ ದಣಿದುಹೋಗಿದ್ದೆ, ಇರಲಿ ಬಿಡಿ ಎಂದೆ. ನಾನು ಪ್ರಾಜೆಕ್ಟ್ ಮ್ಯಾನೇಜರ್ ಆದ ಮೇಲೆ ಹೇಳಿದ ವೇಳೆಗೆ ಮುಗಿದ ಕೆಲಸವೆಂದರೆ ಅದೊಂದೇ ಎಂದು ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಇದ್ದರೂ ನನಗೆ ಒಂದು ಆಸೆ ಇತ್ತು. ಹೆಸರಿನ ಹಿಂದೆ ಸೀನಿಯರ್ ಎಂಬ ಒಂದು ಮಾತು ಸೇರಬೇಕು. ತೊಂಬತ್ತರ ದಶಕದಲ್ಲಿ ಕಿತ್ತೂರಿನ ಹೆದ್ದಾರಿಯ ಪಕ್ಕ ಒಂದು ಗೋದಾಮು ಕಟ್ಟುವಾಗ ಸೂಪರ್ವೈಸರ್ ಎಂದು ಸೇರಿದವನು ನಾನು. ಧೂಳು ಕುಡಿಯುತ್ತ ಕುಡಿಯುತ್ತ ಮ್ಯಾನೇಜರ್ ಆಗಿದ್ದೆ. ಸೀನಿಯರ್ ಎಂಬ ಮಾತಿನ ಮೇಲೆ ನನಗೇನೂ ಮೋಹವಿರಲಿಲ್ಲ. ಸೀನಿಯರ್ ಆದವರಿಗೆ ಕಂಪನಿ ಜೀಪು ಕೊಡುತ್ತಿತ್ತು. ಬೈಲಹೊಂಗಲದಿಂದ ರಾಮದುರ್ಗದವರೆಗೆ ಸ್ಕೂಟರಿನಲ್ಲಿ ಹೋಗಿ ಬಂದವರಿಗೆ ಮಾತ್ರ ಆ ಜೀಪಿನ ಬೆಲೆ ತಿಳಿದೀತು. ಮನೆಗೆ ಬಂದು ಸ್ಕೂಟರು ನಿಲ್ಲಿಸಿದ ಮೇಲೂ ಬಹಳ ಹೊತ್ತು ನನ್ನ ಬೆನ್ನು ಮಾತ್ರ ರಸ್ತೆಯ ಮೇಲೇ ಇರುತ್ತಿತ್ತು. ನನ್ನ ಹೆಂಡತಿ ಶಶಿಕಲಾ ದಿನಾ ಎಣ್ಣೆ ತಿಕ್ಕಿ ತಿಕ್ಕಿ, ಈ ಎಣ್ಣೆಯಲ್ಲಿ ವರ್ಷದ ಒಗ್ಗರಣೆ ಆಗುತ್ತಿತ್ತು ಎನ್ನುತ್ತಿದ್ದಳು. ಸೀನಿಯರ್ ಮಾಡುವುದು ಬಿಡುವುದು ಪುಣೆಯಲ್ಲಿದ್ದ ನಮ್ಮ ದೊಡ್ಡ ಸಾಹೇಬರ ಕೈಯಲ್ಲಿತ್ತು. ಅವರ ಅಡ್ಡಹೆಸರು ಲೇಲೆ. ಎಂಥ ಹೆಸರೆಂದರೆ, ನಮ್ಮ ಕಡೆಯ ಕೆಲಸಗಾರರು ಅವರನ್ನು ಮರ್ಯಾದೆಯಿಂದ "ಲೇಲೆ ಸಾಹೇಬ್ರ" ಎಂದು ಕರೆದರೂ, ಎರಡು ಸಲ ಬೈದು ಆಮೇಲೆ ಕೈಮುಗಿದಂತೆ ಕೇಳಿಸುತ್ತಿತ್ತು. ಸೀನಿಯರ್ ಎಂಬ ಮಾತು ನಮ್ಮ ಮೇಸ್ತ್ರಿ ಇಮಾಮಸಾಬನ ಕಿವಿಯಲ್ಲಿ ಶಾಣ್ಯಾರ, ಎಂದರೆ ಜಾಣರು, ಎಂದು ಬಿದ್ದಿತ್ತು. ನೀವು ಶಾಣ್ಯಾರ ಮ್ಯಾನೇಜರ್ ಆಗುತ್ತೀರಂತೆ, ಹಾಗಾದರೆ ಈಗೇನು ಅಂತ ಆತ ಒಮ್ಮೆ ನಿಜವಾದ ಚಿಂತೆಯಿಂದ ನನ್ನನ್ನು ಕೇಳಿದ್ದ.

ಈಗ ನನ್ನ ಗೋಳಿಗೆ ಬರುತ್ತೇನೆ. ಮುಗಿಯಿತೇ ಎಂದು ಕೇಳುವುದೇ ಉದ್ಯೋಗವಾದವನು, ಮುಗಿಯಿತು ಎಂದಾಗಲಿ ಇಲ್ಲ ಎಂದಾಗಲಿ ಯಾರೂ ಹೇಳದ ನಾಡಿನಲ್ಲಿ ಏನು ಮಾಡಬೇಕು? ನಮ್ಮ ಜನ ಬಲು ಸಂಭಾವಿತರು. ಕೇಳಿದವರ ಮುಖ ಸಣ್ಣದಾಗುವಂಥ ಮಾತನ್ನು ಅವರು ಆಡುವುದಿಲ್ಲ. ಇಮಾಮಸಾಬನನ್ನೇ ನೋಡಿ. ಒಳ್ಳೆಯ ಮನುಷ್ಯ, ಕೈ ಶುದ್ಧ, ಕೆಲಸ ಚೊಕ್ಕ. ಆದರೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಮುಗದಂಗನ ಐತ್ರಿ ಸಾಹೇಬ್ರ." ಮುಗಿದಿದೆ ಎಂದಲ್ಲ, ಮುಗಿದ ಹಾಗೆಯೇ ಇದೆ ಎಂದು. ಪುಣೆಗೆ ವಾರವಾರವೂ ಕೆಲಸ ನೂರಕ್ಕೆ ಎಷ್ಟಾಗಿದೆ ಎಂದು ಫ್ಯಾಕ್ಸ್ ಕಳಿಸಬೇಕಾಗಿತ್ತು, ಈ ಹಾಗೆಯೇ ಎಂಬುದನ್ನು ನೂರಕ್ಕೆ ಎಷ್ಟೆಂದು ಬರೆಯಲಿ? ಹಲ್ಲು ಕಚ್ಚಿ ಕೆಲವು ವರ್ಷ ಕಳೆದ ಮೇಲೆ ನನಗೆ ಇವರೆಲ್ಲರ ಮಾತಿನ ಒಂದು ಅಂದಾಜು ಹತ್ತಿತು. ಮುಗದಂಗನ ಐತಿ ಎಂದರೆ ಅರ್ಧ ಆಗಿದೆ. ಮುಗೀತಂತ ತಿಳಕೋರಿ ಎಂದರೆ ಸಾಮಾನು ಬಂದು ಬಿದ್ದಿದೆ. ಎಷ್ಟೊತ್ತಿನ ಕೆಲಸರಿ ಅದು ಎಂದರೆ ಸಾಮಾನೂ ಬಂದಿಲ್ಲ. ಆಯ್ತ ಬಿಡ್ರಿ ಎಂದರೆ, ನಾನು ಹೇಳಿದ್ದು ಅವರ ಕಿವಿಗೇ ಬಿದ್ದಿಲ್ಲ. ಲಾರಿಯವರದು ಇನ್ನೊಂದು ಬಗೆ. ಇನ್ನೂ ದೂರದ ಲೋಕಾಪುರದಲ್ಲಿ ಊಟಕ್ಕೆ ಕೂತು ಫೋನು ಮಾಡಿ ಬಂದ್ನಿರಿ ಎನ್ನುತ್ತಾರೆ. ಬಂದೆ ಎಂದ ಮೇಲೆ ಬಂದಿರಬೇಕಲ್ಲ ಎಂದು ನಾನು ಬಾಗಿಲಿಗೆ ಹೋಗಿ ಇಣುಕಿ ನೋಡಿದ್ದುಂಟು. ಶಾಲೆಯಲ್ಲಿ ನಮಗೆ ಭೂತಕಾಲ ಭವಿಷ್ಯತ್ಕಾಲ ಎಂದು ಕಿವಿ ಹಿಂಡಿ ಕಲಿಸಿದ ಮಾಸ್ತರರು ಒಂದು ದಿನವಾದರೂ ಟವರು ಕಟ್ಟಿಸಿದ್ದರೆ ಆ ಪಾಠವನ್ನೇ ಬಿಟ್ಟುಬಿಡುತ್ತಿದ್ದರು.

ಮುಗಿಯದ ಕೆಲಸವನ್ನು ಮುಗಿದಂತೆ ಹೇಳುವುದು ಅರ್ಧ ಗೋಳು. ಉಳಿದರ್ಧ, ಮುಗಿದ ಸಾಮಾನನ್ನು ಮುಗಿಯಿತು ಎನ್ನದೆ ಇರುವುದು. ಇದು ನಮ್ಮೆಲ್ಲರ ಮನೆಯದೇ ಮಾತು. ನಮ್ಮವ್ವನ ಅಡಿಗೆಮನೆಯಲ್ಲಿ ಯಾವ ಡಬ್ಬಿಯೂ ಎಂದೂ ಖಾಲಿಯಾದದ್ದಿಲ್ಲ. ಅಕ್ಕಿ ಹೆಚ್ಚಾಗುತ್ತಿತ್ತು, ಕುಂಕುಮ ಹೆಚ್ಚಾಗುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿದ್ದವು. ದೀಪ ಆರಿಸು ಎಂದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು, ದೊಡ್ಡದು ಮಾಡು ಎನ್ನಬೇಕಾಗಿತ್ತು. ಇಲ್ಲ, ತೀರಿತು, ಮುಗಿಯಿತು ಎಂಬ ಮಾತು ಮನೆಯಲ್ಲಿ ಆಡಿದರೆ ಅದನ್ನು ಕೇಳಿ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಅವ್ವನ ನಂಬಿಕೆ. ಇದರಲ್ಲಿ ನನಗೆ ಆಗಲೂ ತಕರಾರಿರಲಿಲ್ಲ, ಈಗಲೂ ಇಲ್ಲ. ಅಡಿಗೆಮನೆಯಲ್ಲಿ ಆಡಿದ ಮಾತು ಅಡಿಗೆಮನೆಯಲ್ಲೇ ಇದ್ದರೆ ಎಷ್ಟೋ ಚೆಂದ. ಅದು ಕಂಪನಿಯ ಸ್ಟೋರಿಗೂ ಬಂದು ಕೂಡುತ್ತದೆ ಎಂದು ನನಗೆ ಕನಸು ಬಿದ್ದಿತ್ತೇ?

ರಾಮದುರ್ಗದ ದಿಬ್ಬದ ಮೇಲೆ ನಮ್ಮದೊಂದು ಪತ್ರಾಸು ತಗಡಿನ ಶೆಡ್ಡು ಇತ್ತು. ಸಿಮೆಂಟು, ಕಬ್ಬಿಣ, ಬೋಲ್ಟು ಎಲ್ಲ ಅದರಲ್ಲಿ. ಅದನ್ನು ನೋಡಿಕೊಳ್ಳಲು ಹತ್ತಿರದ ಹಳ್ಳಿಯ ನೀಲವ್ವ ಎಂಬಾಕೆಯನ್ನು ಇಟ್ಟುಕೊಂಡಿದ್ದೆ. ನನ್ನ ಅವ್ವನಿಗಿಂತ ಸ್ವಲ್ಪ ಚಿಕ್ಕವಳಿದ್ದಾಳು. ಆಕೆ ಬರುವ ಮೊದಲು ಆ ಶೆಡ್ಡಿನಿಂದ ಚೀಲಗಳು ತಾವಾಗಿಯೇ ನಡೆದು ಹೋಗುತ್ತಿದ್ದವು. ಆಕೆ ಬಂದ ಮೇಲೆ ಒಂದು ಮೊಳೆ ಕೂಡ ಆಚೀಚೆಯಾಗಲಿಲ್ಲ. ಬೆಳಿಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುವಳು, ಸಂಜೆ ಚೀಲಗಳ ಮುಂದೆ ಊದಿನಕಡ್ಡಿ ಹಚ್ಚುವಳು. ಇದೆಲ್ಲ ಕಂಪನಿಯ ನಿಯಮದಲ್ಲಿ ಇರಲಿಲ್ಲ, ಆದರೆ ಬೇಡ ಎನ್ನುವ ನಿಯಮವೂ ಇರಲಿಲ್ಲ. ಆ ದಿಬ್ಬದಲ್ಲಿ ಟವರಿನ ಪಾಯ ಹಾಕುವ ದಿನ ಹತ್ತಿರ ಬಂದಿತ್ತು. ಪಾಯಕ್ಕೆ ಒಮ್ಮೆ ಕಾಂಕ್ರೀಟು ಸುರಿಯಲು ಸುರುಮಾಡಿದರೆ ಗುಂಡಿ ತುಂಬುವವರೆಗೆ ನಿಲ್ಲಿಸಬಾರದು. ನಡುವೆ ನಿಂತು ಆರಿದರೆ ಅದು ಒಂದಕ್ಕೊಂದು ಹಿಡಿಯುವುದಿಲ್ಲ, ಅಷ್ಟನ್ನೂ ಒಡೆದು ತೆಗೆಯಬೇಕು. ಸೋಮವಾರ ಪಾಯ ಎಂದು ಗೊತ್ತಾಗಿತ್ತು, ಅದನ್ನು ನೋಡಲು ಲೇಲೆ ಸಾಹೇಬರೇ ಪುಣೆಯಿಂದ ಬರುವವರಿದ್ದರು. ಇದೊಂದು ಸರಿಯಾಗಿ ಆದರೆ ನಿಮ್ಮ ಸೀನಿಯರ್ ಬಗ್ಗೆ ಅಲ್ಲೇ ಮಾತಾಡೋಣ ಎಂದು ಫೋನಿನಲ್ಲಿ ಹೇಳಿದ್ದರು.

ಶುಕ್ರವಾರ ಸಂಜೆ ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿನ ನಮ್ಮ ಆಫೀಸಿಗೆ ಫೋನು ಬಂತು. ಬೂತಿನಿಂದ ನೀಲವ್ವ ಮಾತಾಡುತ್ತಿದ್ದಳು. ಆಕೆಗೆ ಫೋನಿನ ಮೇಲೆ ನಂಬಿಕೆ ಕಡಿಮೆ, ರಾಮದುರ್ಗದಿಂದ ಬೈಲಹೊಂಗಲಕ್ಕೆ ತನ್ನ ದನಿಯೇ ಮುಟ್ಟಬೇಕೆಂಬಂತೆ ಕೂಗುತ್ತಿದ್ದಳು.

"ಸಾಹೇಬ್ರ, ಸಿಮಿಟು ಪೂರಾ ಹೆಚ್ಚಾಗೇತ್ರಿ. ಏನ್ ಮಾಡೂದು ನೀವ ನೋಡ್ರಿ."

ನನ್ನ ಮನಸ್ಸು ಹೂವಾಯಿತು. ಇಷ್ಟು ವರ್ಷದ ಉದ್ಯೋಗದಲ್ಲಿ ಏನಾದರೊಂದು ಹೆಚ್ಚಾಗಿದೆ ಎಂಬ ಸುದ್ದಿ ನನಗೆ ಬಂದದ್ದು ಅದೇ ಮೊದಲು. ಕಡಿಮೆ ಬಿತ್ತು, ಒಡೆಯಿತು, ಕದ್ದರು, ಇವನ್ನೇ ಕೇಳಿ ಕೇಳಿ ಜಡ್ಡುಗಟ್ಟಿದ ಕಿವಿ ಅದು. ಮರುದಿನ ಅಲ್ಲಿಗೆ ಒಂದು ಲಾರಿ ಸಿಮೆಂಟು ಹೋಗುವುದಿತ್ತು. ಹೆಚ್ಚಾದದ್ದರ ಮೇಲೆ ಇನ್ನಷ್ಟು ಯಾಕೆ ಎಂದು ಲಾರಿಯನ್ನು ಸವದತ್ತಿಗೆ ತಿರುಗಿಸಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಲೇಲೆ ಸಾಹೇಬರಿಗೆ ಫೋನು ಮಾಡಿ, ಉಸ್ತುವಾರಿ ಸರಿಯಾಗಿದ್ದರೆ ಸಾಮಾನು ಹೇಗೆ ಉಳಿಯುತ್ತದೆ ನೋಡಿ ಎಂದು ಕೊಚ್ಚಿಕೊಂಡೆ. ಅವರು ಮೆಚ್ಚಿದರು. ಬೇರೆ ಮ್ಯಾನೇಜರರಿಗೆ ನಿಮ್ಮ ಹೆಸರು ಹೇಳುತ್ತೇನೆ ಎಂದರು. ಮನೆಗೆ ಬಂದು ಶಶಿಕಲಾಳಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಎಷ್ಟು ಜನ ಕೂರಬಹುದು ಎಂಬುದನ್ನು ವಿವರಿಸಿದೆ. ಬಳೆಗೆ ಹಾಗೆ ಹೇಳುತ್ತಾರೆ, ಕುಂಕುಮಕ್ಕೆ ಹೇಳುತ್ತಾರೆ, ಅಕ್ಕಿಗೆ ಹೇಳುತ್ತಾರೆ, ಎಲ್ಲ ನನಗೆ ಗೊತ್ತು. ಸಿಮೆಂಟಿಗೂ ಮುತ್ತೈದೆತನ ಉಂಟು ಎಂದು ಮಾತ್ರ ನಾನು ಓದಿದ ಡಿಪ್ಲೊಮಾದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮವಾರ ಲೇಲೆ ಸಾಹೇಬರ ಕಾರಿನಲ್ಲಿ ಅವರ ಪಕ್ಕದಲ್ಲೇ ಕೂತು ದಿಬ್ಬಕ್ಕೆ ಹೋದೆ. ದೂರದಿಂದ ನೋಡಿದರೆ ಕೆಲಸ ನಿಂತಂತೆ ಕಂಡಿತು. ಊಟದ ಹೊತ್ತಿರಬೇಕು ಎಂದು ನಾನೇ ಸಮಾಧಾನ ಹೇಳಿದೆ. ಹತ್ತಿರ ಹೋದರೆ ಗುಂಡಿ ಅರ್ಧ ತುಂಬಿದೆ, ಮಿಕ್ಸರು ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದೆ, ಕೆಲಸಗಾರರು ನೆರಳಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದಾರೆ. ಆದದ್ದು ಇಷ್ಟು. ಸ್ಟೋರಿನಲ್ಲಿ ಶುಕ್ರವಾರವೇ ಸಿಮೆಂಟು ತೀರಿತ್ತು. ಲಾರಿ ಬರಲಿಲ್ಲ. ದೊಡ್ಡ ಸಾಹೇಬರು ಬರುವ ಹೊತ್ತಿಗೆ ಕೆಲಸ ನಡೆಯದಿದ್ದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಇಮಾಮಸಾಬ ಊರಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದವರ ಹತ್ತಿರ ಸಿಕ್ಕಷ್ಟು ಚೀಲ ಕಡ ತಂದು ಬೆಳಿಗ್ಗೆಯೇ ಸುರಿದೇಬಿಟ್ಟಿದ್ದ. ಅದು ಅರ್ಧ ಗುಂಡಿಗೆ ಸಾಕಾಯಿತು. ಬಿಸಿಲಿಗೆ ಅದು ಆಗಲೇ ಆರಿ ಕಲ್ಲಾಗಿತ್ತು. ನಾನು ಇದೇನು ಎಂದು ಕೇಳಿದಾಗ ಇಮಾಮಸಾಬ ಗುಂಡಿಯನ್ನೂ ನನ್ನನ್ನೂ ನೋಡಿ, ತಲೆಗೆ ಸುತ್ತಿದ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, ತನಗೆ ಬರುವ ಆ ಒಂದೇ ಉತ್ತರ ಹೇಳಿದ. ಲೇಲೆ ಸಾಹೇಬರು ಅದನ್ನು ಹಿಂದಿಗೆ ತಿರುಗಿಸಿ ಹೇಳಿ ಎಂದರು. ನನಗೆ ಹಿಂದಿಯೂ ಮರೆತುಹೋಯಿತು.

ನೀಲವ್ವನನ್ನು ಕರೆದೆ. ಫೋನಿನಲ್ಲಿ ಹೆಚ್ಚಾಗಿದೆ ಎಂದೆಯಲ್ಲವ್ವ, ಎಲ್ಲಿದೆ ತೋರಿಸು ಎಂದೆ. ಆಕೆ ನನ್ನನ್ನು ಏನೂ ತಿಳಿಯದ ಕೂಸನ್ನು ನೋಡುವಂತೆ ನೋಡಿದಳು.

"ಶುಕ್ರವಾರ, ದೀಪಾ ಹಚ್ಚೂ ಹೊತ್ತು. ಇನ್ನ ಪಾಯಾ ಏಳೂದೈತಿ. ಅಂಥಾದ್ರಾಗ ಮುಗೀತು ಅಂತ ನನ್ನ ಬಾಯಿಲೆ ಹೆಂಗ ಅನ್ಲಿರಿ? ನಿಮಗ ಛಲೋ ಆಗ್ಲಿ ಅಂತ ಹಂಗ ಅಂದ್ನಿ."

ಇದನ್ನು ಮಾತ್ರ ಚಾಚೂ ತಪ್ಪದೆ ಲೇಲೆ ಸಾಹೇಬರಿಗೆ ತಿಳಿಸಿದೆ. ಅವರ ಮರಾಠಿಯಲ್ಲಿಯೂ ಬಳೆ ಒಡೆಯುವುದಿಲ್ಲ, ಬೆಳೆಯುತ್ತದೆ. ಆದ್ದರಿಂದ ಅವರಿಗೆ ತಕ್ಷಣ ತಿಳಿಯಿತು. ತಿಳಿದರೆ ನಗುತ್ತಾರೆ, ನಕ್ಕರೆ ನಾನು ಪಾರಾದೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಕಾರು ರಾಮದುರ್ಗ ದಾಟಿದ ಮೇಲೆ ಹೇಳಿದರು: ಒಡೆಯುವ ಖರ್ಚು, ಮತ್ತೆ ಸುರಿಯುವ ಖರ್ಚು ಕಂಪನಿ ನುಂಗಿಕೊಳ್ಳುತ್ತದೆ. ನಿಮ್ಮ ಕೆಲಸ ನಾನು ನೋಡಿದ್ದೇನೆ, ಸೀನಿಯರ್ ಮಾಡಲು ನನಗೆ ಅಡ್ಡಿಯಿಲ್ಲ. ಆದರೆ ಸೀನಿಯರ್ ಆಗುವವನಿಗೆ ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಲು ಬರಬೇಕು. ಮೊದಲು ಆ ಹೆಣ್ಣುಮಗಳಿಗೆ ನಿನ್ನ ಕೆಲಸ ಮುಗಿಯಿತು ಎಂದು ಹೇಳಿ ಕಳಿಸಿ, ಹೇಳಿದ್ದಾಯಿತು ಎಂದು ನನಗೆ ಫೋನು ಮಾಡಿ, ನಾನು ಕಾಗದ ಕಳಿಸುತ್ತೇನೆ. ಇಷ್ಟನ್ನು ಅವರು ಮೆಲ್ಲಗೆ, ಒಂದು ಬೈಗುಳವೂ ಇಲ್ಲದೆ ಹೇಳಿದರು. ಬೈದಿದ್ದರೆ ವಾದ ಮಾಡಬಹುದಾಗಿತ್ತು.

ಮರುದಿನ ಸ್ಕೂಟರು ಹತ್ತಿ ಹೊರಟೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ "ಮುಗೀತು" ಎಂದು ಬಾಯಿಪಾಠ ಮಾಡಿದೆ. ಯರಗಟ್ಟಿಯ ಹತ್ತಿರ ಅದು ಬಹಳ ಚೆನ್ನಾಗಿ ಬರುತ್ತಿತ್ತು. ಒಬ್ಬ ಕುರಿಗಾರ ನನ್ನ ಕಡೆ ನೋಡಿ ಕುರಿಗಳನ್ನು ರಸ್ತೆಯಿಂದ ಕೆಳಗೆ ಇಳಿಸಿಕೊಂಡ. ದಿಬ್ಬಕ್ಕೆ ಹೋದರೆ ನೀಲವ್ವ ಶೆಡ್ಡು ಗುಡಿಸುತ್ತಿದ್ದಳು. ನನ್ನನ್ನು ಕಂಡವಳೇ ಖಾಲಿ ಚೀಲ ಝಾಡಿಸಿ ಹಾಸಿ ಕೂರಿಸಿದಳು. ಬಿಸಿಲಲ್ಲಿ ಬಂದಿದ್ದೀರಿ ಎಂದು ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿಯ ಮೇಲೆ ಶೇಂಗಾಚಟ್ನಿ ಹಾಕಿ, ಬೇಡ ಎಂದರೂ ಕೈಗೆ ಇಟ್ಟಳು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಆ ಮಾತು ಆಡುವುದು ಸಾಧ್ಯವೇ ಇರಲಿಲ್ಲ. ತಿಂದೆ, ನೀರು ಕುಡಿದೆ, ಮತ್ತೊಂದು ತಂಬಿಗೆ ನೀರು ಕುಡಿದೆ. ಕುಡಿಯಲು ಇನ್ನು ಜಾಗವಿಲ್ಲವೆಂದಾದ ಮೇಲೆ ಎದ್ದು ನಿಂತು, ಬೋಲ್ಟುಗಳ ಪೆಟ್ಟಿಗೆಯ ಕಡೆ ನೋಡುತ್ತ ಬಾಯಿ ತೆರೆದೆ. ಹೆಚ್ಚುಕಡಿಮೆ ನನ್ನ ಅವ್ವನ ವಯಸ್ಸಿನ ಹೆಂಗಸಿಗೆ, ಅವಳ ಉಪ್ಪು ತಿಂದ ಕೈ ತೊಳೆಯುವ ಮೊದಲೇ, ನಿನ್ನದು ಮುಗಿಯಿತು ಎನ್ನಬೇಕು. ನಾಲಗೆ ಆ ಮಾತಿನ ಹತ್ತಿರ ಹೋಗಿ ಪಕ್ಕಕ್ಕೆ ಸರಿಯಿತು.

"ನೀಲವ್ವಾರ, ನಿಮ್ಮ ಕೆಲಸ... ಹೆಚ್ಚಾಗೇತ್ರಿ," ಎಂದೆ.

ಆಕೆ ಸೆರಗು ಸರಿಮಾಡಿಕೊಂಡಳು.

"ಹೂಂನ್ರಿ, ನಾನೂ ಅದನ್ನ ಹೇಳಬೇಕಂತ ಮಾಡಿದ್ನಿ. ಭಾಳ ಹೆಚ್ಚಾಗೇತಿ, ಒಬ್ಬಾಕಿ ಕಡಿಂದ ನೀಗೂದಿಲ್ಲ. ನನ್ನ ನೆಗೆಣ್ಣಿ ಮನ್ಯಾಗ ಖಾಲಿ ಕುಂತಾಳ. ನಾಳಿಂದ ಕರ್ಕೊಂಡ ಬರತೇನಿ, ಇಬ್ಬರೂ ಕೂಡಿ ನೋಡ್ಕೊಂತೇವ್ರಿ."

ಹಾಗಲ್ಲವ್ವ, ಹೆಚ್ಚಾಗಿದೆ ಎಂದರೆ ಮುಗಿದಿದೆ ಎಂದರ್ಥ ಎಂದು ಆಕೆಗೆ ನಾನು ತಿಳಿಸಿ ಹೇಳಬೇಕೇ? ಹೂಂ ಎಂದೆ. ರಾಮದುರ್ಗದ ಬಸ್‌ಸ್ಟ್ಯಾಂಡಿನ ಬೂತಿಗೆ ಹೋಗಿ ಪುಣೆಗೆ ಫೋನು ಹಚ್ಚಿದೆ. ಲೇಲೆ ಸಾಹೇಬರು ಒಂದೇ ಮಾತು ಕೇಳಿದರು: ಮುಗಿಯಿತೇ? ಆ ಪ್ರಶ್ನೆಯನ್ನು ಎಷ್ಟೋ ಜನಕ್ಕೆ ನಾನು ಕೇಳಿದ್ದೆನೇ ಹೊರತು ನನ್ನ ಕೊರಳಿಗೇ ಬಂದು ಬಿದ್ದಾಗ ಅದು ಹೇಗಿರುತ್ತದೆಂದು ಅವತ್ತೇ ತಿಳಿದದ್ದು. ನನಗೆ ಬಂದಷ್ಟು ಮರಾಠಿಯಲ್ಲಿ, ಆದ ಹಾಗೆಯೇ ಸಾಹೇಬರೇ ಎಂದೆ. ಪುಣೆಯವರು ಪಾಪ, ಆದ ಹಾಗೆಯೇ ಎಂದರೆ ಆಯಿತು ಎಂದು ತಿಳಿಯುತ್ತಾರೆ. ಶಾಬಾಸ್ ಎಂದರು. ಮುಂದಿನ ವಾರ ಕಾಗದ ಬಂತು, ಅದರ ಹಿಂದೆ ಜೀಪೂ ಬಂತು. ಒಬ್ಬರನ್ನು ಕಡಿಮೆ ಮಾಡಲು ಹೋಗಿ ಇಬ್ಬರನ್ನು ಮಾಡಿ ಬಂದದ್ದಕ್ಕೆ ನಾನು ಸೀನಿಯರ್ ಪ್ರಾಜೆಕ್ಟ್ ಮ್ಯಾನೇಜರ್ ಆದೆ. ನೀಲವ್ವನ ಪಗಾರವನ್ನು ಶೆಡ್ಡಿನ ದುರಸ್ತಿ ಎಂದೂ ಅವಳ ಓರಗಿತ್ತಿ ಆ ನೆಗೆಣ್ಣಿಯದನ್ನು ಇತರೆ ಎಂದೂ ತೋರಿಸತೊಡಗಿದೆ.

ಇದನ್ನೆಲ್ಲ ಶಶಿಕಲಾಳಿಗೆ ಹೇಳಿ, ಪಾಪದ ಹೆಂಗಸು, ನಾನು ಹೇಳಿದ್ದು ಅವಳಿಗೆ ತಿಳಿಯಲೇ ಇಲ್ಲ ನೋಡು ಎಂದೆ. ಶಶಿಕಲಾ ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತಿದಳು.

"ಆಕಿ ಹುಟ್ಟಿದಾಗಿಂದ ಆಡೂ ಮಾತು, ಆಕಿಗೇ ತಿಳೀಲಿಲ್ಲ ಅಂತೀರಿ?"

ಅಷ್ಟು ಹೇಳಿ ಮತ್ತೆ ಜೋಳ ಕೇರತೊಡಗಿದಳು. ನನಗೆ ಅವತ್ತು ಊಟ ಸೇರಲಿಲ್ಲ. ಇದನ್ನು ಇತ್ಯರ್ಥ ಮಾಡಲೇಬೇಕೆಂದು ಜೀಪಿನಲ್ಲಿ ದಿಬ್ಬಕ್ಕೆ ಹೋದೆ. ನೀಲವ್ವ ಬಾಗಿಲಲ್ಲೇ ನಿಂತಿದ್ದಳು, ಪಕ್ಕದಲ್ಲಿ ಹೊಸ ಹೆಂಗಸು. ಜೀಪನ್ನು ನೋಡಿ ಇಬ್ಬರೂ ಸಂತೋಷಪಟ್ಟರು. ನೀಲವ್ವ ನೆಗೆಣ್ಣಿಯ ಕಡೆ ತಿರುಗಿ, "ಇವರ ನೋಡ ನಮ್ಮ ಸಾಹೇಬ್ರು. ಇವರಿಗೆ ಏನೂ ಬಿಡಿಸಿ ಹೇಳೂದು ಬೇಕಾಗಂಗಿಲ್ಲ," ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಕೇಳಬೇಕೆಂದು ಬಂದದ್ದನ್ನು ಕೇಳಲಿಲ್ಲ. ಸಿಮೆಂಟು ಎಷ್ಟಿದೆ ಎಂದೂ ಕೇಳಲಿಲ್ಲ. ಅವರಿಬ್ಬರ ನಡುವೆ ಹಾದು ಒಳಗೆ ಹೋಗಿ, ಚೀಲಗಳನ್ನು ನಾನೇ ಎಣಿಸಲು ನಿಂತೆ.